ಲಗಮವ್ವ ಬೆಳಗಿದ ಕೊಡಗಳು

ಬೈಲಹೊಂಗಲದಿಂದ ಧಾರವಾಡಕ್ಕೆ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ಸರ್ಕಲ್ಲಿನ ನಡುವೆ ಆಳೆತ್ತರದ ಮೂರು ತಾಮ್ರದ ಕೊಡಗಳು ಒಂದಕ್ಕೊಂದು ಒರಗಿ ನಿಂತಿವೆ. ಅವುಗಳ ಸುತ್ತ ಲಗಮವ್ವ ಕಸ ಗುಡಿಸುತ್ತಿದ್ದಾಳೆ. ಹತ್ತಿರ ಹೋದಾಗಲೆಲ್ಲ ಅವಳ ಕೈ ತಡೆಯುತ್ತದೆ. ಹೋದ ವಾರದಿಂದ ಅಲ್ಲಿ ಹಗ್ಗ ಕಟ್ಟಿದ್ದಾರೆ.

2004ರಲ್ಲಿ ಪೇಟೆಯ ಸೌಂದರ್ಯ ಸಮಿತಿಯವರು ದೂರದ ಶಿಲ್ಪಿಯೊಬ್ಬರಿಂದ ಈ ಕೊಡಗಳನ್ನು ಮಾಡಿಸಿ ನಿಲ್ಲಿಸಿದರು. ನೋಡಿಕೊಳ್ಳಲು ಲಗಮವ್ವನನ್ನು ಇಟ್ಟರು. "ಚಂದಂಗ ಇಟ್ಕೊಬೇ" ಅಂದರು, ಅಷ್ಟೇ. ತಾಮ್ರ ಕಪ್ಪಾಯಿತು, ಮಳೆಗಾಲ ಕಳೆಯುವಷ್ಟರಲ್ಲಿ ಹಸಿರು ಕಿಲುಬು ಇಣುಕಿತು. ಕಿಲುಬು ಹಿಡಿದ ಕೊಡ ಕಂಡು ಈ ಸೀಮೆಯ ಯಾವ ಹೆಣ್ಣುಮಗಳು ಸುಮ್ಮನಿದ್ದಾಳು? ಲಗಮವ್ವ ಮನೆಯಿಂದ ಹುಣಸೆಹಣ್ಣು, ಬೂದಿ ತಂದು ವಾರ ವಾರವೂ ತಿಕ್ಕಿದಳು. ಕೊಡಗಳು ಹೊತ್ತು ಮೂಡಿದಂತೆ ಬೆಳಗಿದವು. ಸವದತ್ತಿಗೆ ಹೊರಟವರು ಗಾಡಿ ನಿಲ್ಲಿಸಿ ನೋಡತೊಡಗಿದರು.

"ಗಂಡನ ತಲಿಗೆ ಎಣ್ಣಿ ಕಾಣಸಲಿಲ್ಲ, ಕೊಡಕ್ಕ ಮಾತ್ರ ಹುಣಸಿಹಣ್ಣು!" ಎಂದು ಜೊತೆಗೆ ಗುಡಿಸುವ ಮರೆವ್ವ ಈಗಲೂ ನಗುತ್ತಾಳೆ.

ಲಗಮವ್ವ ನಗುವುದಿಲ್ಲ. ಪ್ರಾಯವೆಲ್ಲ ದೊಡ್ಡ ಮನೆಗಳ ಹಿತ್ತಿಲಲ್ಲಿ ಸಗಣಿ ಬಳಿದವಳು ಅವಳು. ನೀರಡಿಸಿದರೆ ಬೊಗಸೆ ಒಡ್ಡಬೇಕಿತ್ತು, ಮೇಲಿನಿಂದ ಸುರಿಯುತ್ತಿದ್ದರು. "ಅವರ ಕೊಡ ಮುಟ್ಟೂಹಂಗ ಇರಲಿಲ್ರಿ. ಇದೊಂದ ನೋಡ್ರಿ, ನಾ ಮುಟ್ಟಿದ್ರ ಯಾರೂ ಹಾರಿ ಬೀಳಲಿಲ್ಲ."

ಕೊಡ ನಿಲ್ಲಿಸಿ ಹೋದ ಶಿಲ್ಪಿ ಹೋದ ವಾರ ಮೊದಲ ಸಲ ಅತಿಥಿಗಳೊಂದಿಗೆ ನೋಡಲು ಬಂದರು. ನೋಡಿದವರೇ ತಲೆಯ ಮೇಲೆ ಕೈ ಇಟ್ಟುಕೊಂಡರು. ಅವರಿಗೆ ಬೇಕಿದ್ದದ್ದು ಆ ಕಿಲುಬೇ. ಬತ್ತಿದ ಕೆರೆಗಳ ನೆನಪಿಗೆ ಕೊಡಗಳು ಹಸಿರುಗಟ್ಟಲಿ ಎಂದೇ ಮಾಡಿದ್ದರಂತೆ. ಸಮಿತಿಯ ಕಾರ್ಯದರ್ಶಿ ಎಲ್ಲರೆದುರು ಹರಿಹಾಯ್ದರು: "ಹಾಳ ಮಾಡಿಟ್ಟೆಲ್ಲ ಲಗಮಿ! ಇನ್ನ ಮ್ಯಾಲೆ ಮುಟ್ಟಬ್ಯಾಡ. ಮುಟ್ಟಿದ್ರ ಕೆಲಸ ಬಿಟ್ಟು ನಡಿ."

ಕಿಲುಬು ಬೇಕೆಂಬುದು ಶಿಲ್ಪಿಗೆ ಗೊತ್ತಿತ್ತು, ಸಮಿತಿಗೂ ಗೊತ್ತಿತ್ತು. ದಿನಾ ಆ ಕೊಡಗಳ ಬುಡದಲ್ಲಿರುವವಳಿಗೆ ಹೇಳಬೇಕೆಂದು ಒಬ್ಬರಿಗೂ ತೋಚಲಿಲ್ಲ. ಬೆಳಗಿದ ಕೊಡಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡವರೂ ಇದೇ ಸಮಿತಿಯವರು! ಆಗ ಯಾರ ಬಾಯಿಗೆ ಬೀಗ ಬಿದ್ದಿತ್ತು?

ಬಸ್ಸು ಹೊರಡುತ್ತದೆ. ಲಗಮವ್ವ ಹಗ್ಗದಾಚೆ ಬಿದ್ದ ಬೇವಿನೆಲೆಗಳನ್ನು ಪೊರಕೆಯ ತುದಿಯಿಂದ ಎಳೆದುಕೊಳ್ಳುತ್ತಾಳೆ.

"ತಿಕ್ಕಬ್ಯಾಡ ಅನ್ರಿ, ಕೇಳತೇನಿ. ಕಿಲಬ ಬೇಕಂದ್ರ ಕಿಲಬನ್ನ ಕಾಯತೇನಿ," ಎನ್ನುತ್ತಾಳೆ. "ಮುಟ್ಟಬ್ಯಾಡ ಅಂತ ಮಾತ್ರ ಅನಬ್ಯಾಡ್ರಿ."