ಅಟ್ಟಕ್ಕೆ ಬಿಟ್ಟ ಹೊಗೆ

ಸೋಮಮ್ಮ ಕೆಮ್ಮುವುದು ಆ ಮನೆಯವರ ಕಿವಿಗೆ ಬೀಳುವುದೇ ನಿಂತುಹೋಗಿತ್ತು. ನಂಜನಗೂಡಿನ ಕಡೆಯಿಂದ ಬಂದ ವಿಧವೆ. ಕುವೆಂಪುನಗರದ ವೃಷಭೇಂದ್ರಪ್ಪನವರ ಮನೆಯಲ್ಲಿ ಹನ್ನೆರಡು ವರ್ಷದಿಂದ ಅಡುಗೆ. ಯಜಮಾನರದ್ದು ಸಂತೆಪೇಟೆಯಲ್ಲಿ ಮೆಣಸಿನಕಾಯಿ ಮಂಡಿ. ಮನೆಗೂ ನೆಂಟರಿಗೂ ಬೇಕಾದ ಖಾರದ ಪುಡಿಗೆ ಮೆಣಸಿನಕಾಯಿ ಹುರಿಯುವವಳು ಅವಳೇ. 2001ರಲ್ಲಿ ಡಾಕ್ಟರು ಅವಳ ಎದೆ ಪರೀಕ್ಷಿಸಿ, "ಹೀಗೇ ಹೊಗೆ ಕುಡೀತಿದ್ರೆ ಉಸಿರು ಉಳಿಯಲ್ಲಮ್ಮ" ಎಂದರು. ಕೆಲಸ ಬಿಟ್ಟರೆ ಅವಳಿಗೆ ಊಟವಿಲ್ಲ. ಯಜಮಾನಿ ಸರ್ವಮಂಗಳಾ ಅವರಿಗೆ ಹೇಳಿಕೊಂಡಳು. ವಾರದೊಳಗೆ ಚಿಮ್ನಿ ಬಂತು.

ಅದನ್ನು ಕೂರಿಸಲು ಬಂದ ರವಿಚಂದ್ರ ಮೊದಲು ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವನು, ಕೆಲಸ ಬಲ್ಲವನು. ಸೋಮಮ್ಮನನ್ನು ಒಲೆಯ ಮುಂದೆ ನಿಲ್ಲಿಸಿ, ಒಲೆಯಿಂದ ಎರಡೂವರೆ ಅಡಿ ಮೇಲೆ ಗೋಡೆಗೆ ಗೆರೆ ಎಳೆದ. ಅದಕ್ಕಿಂತ ಕೆಳಗಾದರೆ ಉರಿ ತಾಗುತ್ತದೆ, ತೀರ ಮೇಲಾದರೆ ಹೊಗೆ ಎಳೆಯುವುದಿಲ್ಲ ಎಂದ. ಪ್ಲಗ್ಗಿಗೆ ಅರ್ತ್ ಇದೆಯೇ ಎಂದು ನೋಡಿದ. ಆಮೇಲೆ ಒಲೆಯ ಹಿಂದಿನ ಗೋಡೆ ತಟ್ಟಿ, "ಇಲ್ಲೊಂದು ತೂತು ಹೊಡೆದ್ರೆ ಪೈಪು ನೇರ ಆಚೆಗೆ" ಎಂದ.

ಗೋಡೆಯಾಚೆ ಮೂರಡಿ ಓಣಿ. ಅದರಾಚೆ ವೃಷಭೇಂದ್ರಪ್ಪನವರ ತಮ್ಮನ ಮನೆ. ಅವರ ಪೂಜೆ ಕೋಣೆಯ ಕಿಟಕಿ ಈ ಗೋಡೆಗೆ ಎದುರು. ಆಸ್ತಿ ಪಾಲಾದ ಮೇಲೆ ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ.

"ಲಿಂಗಪೂಜೆಗೆ ಕೂತೋರ ಮುಖಕ್ಕೆ ಒಗ್ಗರಣೆ ಹೊಗೆ ಬಿಡೋಕಾಗುತ್ತೇನ್ರೀ?" ಎಂದರು ಸರ್ವಮಂಗಳಾ.

"ಅವರನ್ನ ಒಂದ್ಮಾತು ಕೇಳಿ ನೋಡಿ ಅಮ್ಮ."

"ನಾವು ಅವರ ಬಾಗಿಲಿಗೆ ಹೋಗೋದಾ? ಪೈಪು ಅಟ್ಟದೊಳಕ್ಕೆ ಬಿಡಿ."

"ಅಟ್ಟದಲ್ಲಿ ಕಿಂಡಿ ಇಲ್ಲ. ಹೊಗೆ ಅಲ್ಲೇ ಸುತ್ತಿ ವಾಪಸ್ ಇಳಿಯುತ್ತೆ. ಜಿಡ್ಡು ಕೂತ್ರೆ ಬೆಂಕಿ ಭಯ ಬೇರೆ."

"ನಿಮ್ಮನ್ನ ಕರೆಸಿದ್ದು ಚಿಮ್ನಿ ಕೂರಿಸೋಕೆ ಕಣ್ರೀ, ಪಾಠ ಹೇಳೋಕಲ್ಲ."

"ನಾನೇ ಹೋಗಿ ಕೇಳ್ಕೊಂಡ್ ಬರ್ಲಾ ಅಮ್ಮಾವ್ರೆ?" ಎಂದಳು ಸೋಮಮ್ಮ.

"ಸುಮ್ನಿರು. ಅದು ನಮ್ಮ ಮನೆತನದ ವಿಷಯ."

ರವಿಚಂದ್ರ ಹೇಳಿದಂತೆ ಮಾಡಿ ಹೋದ. ಸರ್ವಮಂಗಳಾ ಅಷ್ಟಕ್ಕೇ ನಿಲ್ಲಲಿಲ್ಲ. ಹೊಸ ಕಪಾಟು ಅಂದವಾಗಿ ಕೂರಲೆಂದು ಅಡುಗೆಮನೆಯ ಹಳೆಯ ಗವಾಕ್ಷಿಗೆ ಇಟ್ಟಿಗೆ ಕಟ್ಟಿಸಿದರು. ಮೊದಲು ಅರ್ಧ ಹೊಗೆಯಾದರೂ ಅಲ್ಲಿಂದ ಹೋಗುತ್ತಿತ್ತು. ಈಗ ಚಿಮ್ನಿ ಗುಂಯ್‌ಗುಟ್ಟುತ್ತ ಅಟ್ಟಕ್ಕೆ ಹೊಗೆ ತುಂಬುತ್ತಿತ್ತು, ಅದು ಅಟ್ಟದ ಬಾಗಿಲ ಸಂದಿಯಿಂದ ಸೋಮಮ್ಮನ ತಲೆಯ ಮೇಲೇ ಇಳಿಯುತ್ತಿತ್ತು. ಅವಳು ಹೇಳಿದಾಗಲೆಲ್ಲ ಸರ್ವಮಂಗಳಾ, "ಇಷ್ಟು ದೊಡ್ಡ ಮಿಷನ್ ಹಾಕ್ಸಿದ್ರೂ ಕೆಮ್ಮು ನಿಲ್ಲಲ್ಲ ಅಂದ್ರೆ ಅದು ವಯಸ್ಸು ಕಣೇ" ಎನ್ನುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು. ಮೆಣಸಿನಕಾಯಿ ಹುರಿದ ದಿನ ಹಿತ್ತಿಲ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತು ಸುಧಾರಿಸಿಕೊಳ್ಳದೆ ಅವಳಿಗೆ ಮುಂದಿನ ಕೆಲಸ ಆಗುತ್ತಿರಲಿಲ್ಲ.

2003ರ ಗೌರಿ ಹಬ್ಬಕ್ಕೆ ಸರ್ವಮಂಗಳಾ ಅಟ್ಟದಿಂದ ಟ್ರಂಕು ಇಳಿಸಿದರು. ಆರು ರೇಷ್ಮೆ ಸೀರೆಗಳು ಕಂದು ಜಿಡ್ಡು ಹೀರಿ ಒಂದಕ್ಕೊಂದು ಅಂಟಿಕೊಂಡಿದ್ದವು. ಆ ಸಂಜೆಯೇ ರವಿಚಂದ್ರನಿಗೆ ಫೋನು ಹೋಯಿತು. ವೃಷಭೇಂದ್ರಪ್ಪನವರು ಹನ್ನೊಂದು ವರ್ಷದ ಮೇಲೆ ತಮ್ಮನ ಬಾಗಿಲು ತಟ್ಟಿದರು. ತಮ್ಮನ ಹೆಂಡತಿ ಪ್ರೇಮಲೀಲಾ ವಿಷಯ ಕೇಳಿ ನಕ್ಕುಬಿಟ್ಟರು.

"ಭಾವ, ಪೂಜೆ ಕೋಣೆ ಮಹಡಿಗೆ ಹೋಗಿ ಆರು ವರ್ಷ ಆಯ್ತು. ಅಲ್ಲೀಗ ಹಳೇ ಪೇಪರ್ ಗುಡ್ಡೆ ಹಾಕಿದ್ದೀವಿ. ಆ ಕಿಟಕಿ ತೆಗೆಯೋದೇ ಇಲ್ಲ. ಮೊದಲೇ ಕೇಳಬಾರದಿತ್ತಾ?"

ಮಾರನೆಯ ದಿನ ತೂತು ಹೊಡೆಯಲು ಹಿಡಿದದ್ದು ಒಂದು ಗಂಟೆ. ಒಂದೇ ತಿರುವಿನ ಗಟ್ಟಿ ಪೈಪು. ಪಾರಿವಾಳ ನುಗ್ಗದಂತೆ ಅದರ ಬಾಯಿಗೆ ಮುಚ್ಚಳ. ಯಾರೂ ಹೇಳದಿದ್ದರೂ ರವಿಚಂದ್ರ ಗವಾಕ್ಷಿಯ ಇಟ್ಟಿಗೆ ಕಿತ್ತ. "ಒಳಕ್ಕೆ ಗಾಳಿ ಬಂದ್ರೆ ತಾನೆ ಹೊಗೆ ಆಚೆ ಹೋಗೋದು?" ಎಂದ. ಚಿಮ್ನಿಯ ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ಬಿಸಿನೀರಿನಲ್ಲಿ ತೊಳೆಯಲು ಹೇಳಿದ. ಸೋಮಮ್ಮ ಸಾರಿಗೆ ಒಗ್ಗರಣೆ ಹಾಕಿದಳು. ಹೊಗೆ ನೆಟ್ಟಗೆ ಮೇಲೆದ್ದು ಕಾಣೆಯಾಯಿತು. ಆದರೂ ಅವಳು ಕೆಮ್ಮಿದಳು.

"ನೋಡಿದ್ಯಾ, ನಿನಗೋಸ್ಕರ ಗೋಡೆ ಒಡೆಸಿದ್ವಿ" ಎಂದರು ಸರ್ವಮಂಗಳಾ.

"ಹೂಂ ಅಮ್ಮಾವ್ರೆ. ಸೀರೆಗಳಿಗೆ ಕೆಮ್ಮೋಕೆ ಬಂದಿದ್ರೆ ಅವತ್ತೇ ಒಡೆಸ್ತಿದ್ರಿ."

ಆ ಮನೆಯಲ್ಲಿ ಅವಳು ಎದುರಾಡಿದ್ದು ಅದೊಂದೇ ಸಲ. ದಸರಾ ಕಳೆಯುವ ಹೊತ್ತಿಗೆ ಬಸ್ ಸ್ಟಾಪಿನಿಂದ ಮನೆಯವರೆಗೆ ನಡೆಯುವಷ್ಟೂ ಉಸಿರು ಉಳಿದಿರಲಿಲ್ಲ, ಕೆಲಸ ಬಿಟ್ಟಳು. ಕೆಟ್ಟ ಶ್ವಾಸಕೋಶ ಇನ್ನು ಸರಿಹೋಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಆ ಅಡುಗೆಮನೆಯಲ್ಲಿ ಈಗ ಬೇರೊಬ್ಬಳು ಮೆಣಸಿನಕಾಯಿ ಹುರಿಯುತ್ತಾಳೆ, ಕೆಮ್ಮದೆ.