ಸೂರ್ಯ ಹುಟ್ಟುವವರೆಗೂ ನಿನ್ನೆ

ಬೆಳಗಿನ ಐದೂ ಕಾಲು. ಕೋಗಿಲು ಬಡಾವಣೆಯ ಬ್ರೆಡ್ ಕಾರ್ಖಾನೆಯಲ್ಲಿ ಮೈದಾ ಮೂಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮುಸರ್ರತ್ ನಿಂತೇ ಕೆಲಸ ಮಾಡುತ್ತಿದ್ದಾರೆ. ದುಪಟ್ಟಾದ ಅಂಚಿಗೆಲ್ಲ ಹಿಟ್ಟು. ಒಲೆಯಿಂದ ಟ್ರೇ ಹೊರಬಂದಾಗಲೆಲ್ಲ ಹಿರಿಯ ಕೆಲಸಗಾರ ಗುರುಪಾದಪ್ಪ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆಯುತ್ತಾರೆ, ಇವರು ಅದನ್ನು ಪರದೆಯೊಂದಿಗೆ ತಾಳೆ ನೋಡುತ್ತಾರೆ. ಕಂಪ್ಯೂಟರ್ ಕೆಲಸವೆಂದರೆ ಎಸಿ ರೂಮು, ಕಾಫಿ ಮಷಿನ್ನು ಎಂದುಕೊಂಡವರು ಒಮ್ಮೆ ಇಲ್ಲಿಗೆ ಬಂದು ಬೆವರಬೇಕು.

ಆರ್.ಟಿ. ನಗರದ ಮುಸರ್ರತ್, ಕಣಕ ಬ್ರೆಡ್ಸ್ ಕಂಪನಿಯ ಡೇಟಾ ಎಂಜಿನಿಯರ್. ವಯಸ್ಸು ಮೂವತ್ತಾರು. ಕಂಪನಿಗೆ ಮೂರು ಕಾರ್ಖಾನೆ, ನಲವತ್ತೆಂಟು ಅಂಗಡಿ, ಹದಿನೇಳು ವ್ಯಾನು. ಎರಡೂವರೆ ವರ್ಷದ ಹಿಂದೆ ಇವರು ಸೇರಿದಾಗ ಮಾಹಿತಿ ಸ್ವಲ್ಪ ಎಕ್ಸೆಲ್‌ನಲ್ಲಿತ್ತು, ಸ್ವಲ್ಪ ವಾಟ್ಸ್ಆ್ಯಪ್‌ನಲ್ಲಿತ್ತು, ಉಳಿದದ್ದೆಲ್ಲ ಮ್ಯಾನೇಜರುಗಳ ತಲೆಯಲ್ಲಿತ್ತು. ನಾಳೆ ಎಷ್ಟು ಬ್ರೆಡ್ ಬೇಕೆಂಬುದನ್ನು ಸಭೆಯಲ್ಲಿ ಜೋರಾಗಿ ಮಾತಾಡಿದವರು ತೀರ್ಮಾನಿಸುತ್ತಿದ್ದರು. ಎಲ್ಲವನ್ನೂ ಒಂದೆಡೆ ತಂದು, ಎಲ್ಲರೂ ಒಂದೇ ಪರದೆ ನೋಡಿ ನಿರ್ಧರಿಸುವಂತೆ ಮಾಡುವುದು ಇವರ ಕೆಲಸ. ಕಂಪನಿಯಲ್ಲಿ ಅದಕ್ಕೆ ಡೇಟಾ ಪ್ಲಾಟ್‌ಫಾರ್ಮ್ ಎನ್ನುತ್ತಾರೆ.

“ಒಬ್ರು ಮ್ಯಾನೇಜರ್ ನಾಲ್ಕು ತಿಂಗಳು ತಮ್ಮ ನೋಟ್‌ಬುಕ್ ಮುಟ್ಟೋಕೇ ಬಿಡ್ಲಿಲ್ಲ ಕಣ್ರೀ. ನಾನೂ ಬಿಡ್ಲಿಲ್ಲ. ವಾರಕ್ಕೊಂದ್ಸಲ ಹೋಗಿ ಟೀ ಕುಡಿದು ಬರ್ತಿದ್ದೆ” ಎಂದು ನಗುತ್ತಾರೆ. ಮನೆಯಲ್ಲಿ ತಾಯಿ ನಿಶಾತ್ ಅವರದು ಒಂದೇ ಪ್ರಶ್ನೆ: ನೀನು ಬ್ರೆಡ್ ಮಾಡಲ್ಲ, ಮಾರಲ್ಲ, ಮತ್ತೆ ಏನು ಮಾಡ್ತೀಯ?

ಹೋದ ಮಾರ್ಚ್‌ನಲ್ಲಿ ಪ್ಲಾಟ್‌ಫಾರ್ಮ್ ಸಿದ್ಧವಾಯಿತು. ಅದರ ಮೊದಲ ಗ್ರಾಫೇ ಎಲ್ಲರನ್ನೂ ಬೆಚ್ಚಿಬೀಳಿಸಿತು. ಉಳಿದೆರಡು ಕಾರ್ಖಾನೆಗಳ ಬ್ರೆಡ್ ಬೇಯಿಸಿದ ದಿನವೇ ಅಂಗಡಿ ತಲುಪಿದರೆ, ಕೋಗಿಲಿನದು ಪ್ರತಿದಿನವೂ ಒಂದು ದಿನ ಹಳತು. ಮುಖ್ಯಸ್ಥ ರವಿಕಿರಣ ತಡಮಾಡಲಿಲ್ಲ. ಸೋಮವಾರದ ಸಭೆಯಲ್ಲಿ ಕೋಗಿಲಿನ ಒಲೆ ಆರಿಸುವ ತೀರ್ಮಾನವಾಗಬೇಕಿತ್ತು. ಅಲ್ಲಿ ಇಪ್ಪತ್ಮೂರು ಜನರ ಕೆಲಸವಿತ್ತು.

ಆ ಶುಕ್ರವಾರ ವಿದ್ಯಾರಣ್ಯಪುರದ ಅಂಗಡಿಯ ಮುನಿಯಲ್ಲಮ್ಮ ಫೋನ್ ಮಾಡಿದರು. “ಕೋಗಿಲು ಬ್ರೆಡ್ ಹಳೇದಂತಾ? ಯಾರಮ್ಮ ಅಂದಿದ್ದು? ಏಳ್ ಗಂಟೆಗೆ ಬಂದ್ರೆ ಕವರ್ ಒಳಗೆ ಇನ್ನೂ ಹಬೆ ಕಟ್ಟಿರ್ತದೆ!”

ಮರುದಿನ ಬೆಳಕು ಹರಿಯುವ ಮೊದಲೇ ಮುಸರ್ರತ್ ಸ್ಕೂಟರ್ ಏರಿ ಕೋಗಿಲಿಗೆ ಬಂದರು. ಆಗ ತಾನೇ ಬೆಂದ ಟ್ರೇಗೆ ಗುರುಪಾದಪ್ಪ ನೋಟ್‌ಬುಕ್ಕಿನಲ್ಲಿ ಹಿಂದಿನ ದಿನದ ತಾರೀಖು ಬರೆಯುತ್ತಿದ್ದರು. ಬೇರೆಡೆ ತಾರೀಖನ್ನು ಯಂತ್ರ ಹಾಕುತ್ತದೆ, ಇಲ್ಲಿ ಕೈ ಬರೆಯುತ್ತದೆ.

“ಇದ್ಯಾಕ್ರೀ ನಿನ್ನೆ ತಾರೀಖು?”

“ಸೂರ್ಯಾ ಹುಟ್ಟೂತನಾ ನಿನ್ನಿ ದಿನಾನ ಅಲ್ರೀ ಮೇಡಮ್? ನಮ್ಮ ಪಾಳಿನ ಮುಗದಿಲ್ಲ, ತಾರೀಖ ಹೆಂಗ ಬದಲಿ ಆಗ್ತದ?”

ಇಪ್ಪತ್ತೆರಡು ವರ್ಷದಿಂದ ಹಾಗೇ ಬರೆದಿದ್ದರು. ಯಾರೂ ಕೇಳಿರಲಿಲ್ಲ, ಮುಸರ್ರತ್ ಕೂಡ.

ಸೋಮವಾರದ ಸಭೆಯಲ್ಲಿ ಇವರು ಎದ್ದು ನಿಂತು, ಕೋಗಿಲಿನ ಬ್ರೆಡ್ ಹಳತಲ್ಲ ಎಂದರು. “ನೀವೇ ಅಲ್ವಾ ಹೇಳಿದ್ದು, ಊಹೆ ಬೇಡ, ಪರದೆ ನಂಬಿ ಅಂತ?” ಎಂದರು ರವಿಕಿರಣ. ಎರಡೂವರೆ ವರ್ಷ ಸುತ್ತಿ ಗಳಿಸಿದ ನಂಬಿಕೆ ಆ ಕ್ಷಣದಲ್ಲಿ ಕೈತಪ್ಪಬಹುದಿತ್ತು. ಹೆದರಿಕೆ ಆಗಲಿಲ್ಲವೇ ಎಂದರೆ, “ಆಯ್ತು. ಆದ್ರೂ ಹೇಳ್ದೆ. ಗ್ರಾಫ್ ತಪ್ಪು, ತಪ್ಪು ನಂದು, ಒಲೆದಲ್ಲ.”

ಒಲೆ ಆರಿಸುವ ಮಾತು ಅಲ್ಲಿಗೇ ನಿಂತಿತು. ಹಾಗಾದರೆ ತಾರೀಖು ಸರಿಯಾಗಿ ಬರೆಯಲು ಆದೇಶ ಹೊರಡಿಸೋಣ ಎಂದರು ಕೆಲವರು. ಮುಸರ್ರತ್ ಒಪ್ಪಲಿಲ್ಲ. “ಅವ್ರ ಇಪ್ಪತ್ತೆರಡು ವರ್ಷದ ಕೈ ತಿದ್ದೋದಕ್ಕಿಂತ ನನ್ನ ಕೋಡ್‌ನಲ್ಲಿ ನಾಲ್ಕು ಸಾಲು ತಿದ್ದೋದು ಸುಲಭ.” ಅಂದಿನಿಂದ ಕೋಗಿಲಿನ ಸೂರ್ಯೋದಯದ ಹೊತ್ತೂ ಪ್ಲಾಟ್‌ಫಾರ್ಮಿಗೆ ಗೊತ್ತು. ಇವರೂ ಪ್ರತಿ ಗುರುವಾರ ಒಂದು ಕಾರ್ಖಾನೆಯಲ್ಲೋ ಅಂಗಡಿಯಲ್ಲೋ ಬೆಳಗು ಮಾಡುತ್ತಾರೆ.

ಆರು ಗಂಟೆ ದಾಟಿದೆ. ಗುರುಪಾದಪ್ಪ ಬಾಗಿಲಿನಿಂದ ಇಣುಕಿ ಆಕಾಶ ನೋಡಿ, ಪುಟ ತಿರುಗಿಸಿ, ಹೊಸ ತಾರೀಖು ಬರೆಯುತ್ತಾರೆ. ಮುಸರ್ರತ್ ಬಿಸಿ ಬ್ರೆಡ್ಡೊಂದನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ.

“ಅಮ್ಮಿಗೆ. ಪ್ರತಿ ಸಲ ತಗೊಂಡ್ ಹೋಗಿ ಕೈಗೆ ಕೊಡ್ತೀನಿ. ಕೋಗಿಲು ಒಲೆಯಿಂದ ಇದು ಇನ್ನೂ ಬರ್ತಾ ಇದೆಯಲ್ಲ ಅಮ್ಮಿ, ಅದೇ ನನ್ನ ಕೆಲಸ ಅಂತೀನಿ.”