ಮಿಲಿಂದನ ಬದಲಿಗೆ ಬಹ್ರೈನಿಗೆ

ಮಿಲಿಂದ ಹೆಬ್ಬೆರಳು ಮುರಿದುಕೊಂಡದ್ದರಿಂದ ನಾನು ಬಹ್ರೈನ್ ನೋಡಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆ ಪ್ರವಾಸದಲ್ಲಿ ಸಿಕ್ಕವರೆಲ್ಲ ನನಗೆ ಮೊದಲು ಹೇಳಿದ್ದು ಇದನ್ನೇ. ತೊಂಬತ್ತರ ದಶಕದ ನಡುವಿನ ಒಂದು ಮೇ ತಿಂಗಳು ಅದು. ಮುಂಬಯಿಯ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ನಾನು ಸಪ್ಲಾಯರ್ ಆಗಿದ್ದೆ. ಹಗಲು ತಟ್ಟೆ ಎತ್ತಿ, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವನು. ಆ ಶಾಲೆಯ ವ್ಯಾಯಾಮದ ಮಾಸ್ತರರೇ ನನ್ನ ಕೈಗೆ ಮೊದಲು ಬಾಕ್ಸಿಂಗ್ ಗ್ಲೌಸ್ ತೊಡಿಸಿದ್ದು.

ನಾನು ಆಡುತ್ತಿದ್ದದ್ದು ಅರವತ್ತು ಕಿಲೋ ತೂಕದ ವರ್ಗದಲ್ಲಿ. ಆ ವರ್ಗದಲ್ಲಿ ನಮ್ಮ ಸಂಘ ಎಲ್ಲಿಗೆ ಕಳುಹಿಸಿದರೂ ಮಿಲಿಂದನನ್ನು ಕಳುಹಿಸುತ್ತಿತ್ತು, ನಾನು ವರ್ಷಗಟ್ಟಲೆ ರಿಸರ್ವ್. ಅವನ ಬೆವರು ಒರೆಸುವ ಟವೆಲು ಹಿಡಿದು ಪುಣೆ, ನಾಗಪುರ, ಬೆಳಗಾವಿ ಎಲ್ಲ ತಿರುಗಿದ್ದೇನೆ. ಬಹ್ರೈನಿನ ಒಂದು ಕಂಪನಿ ಕ್ಲಬ್ಬಿನಲ್ಲಿ ಗುರುವಾರ ಪಂದ್ಯ, ಸೋಮವಾರ ಮಿಲಿಂದನ ಬೆರಳು ಮುರಿಯಿತು. ರಿಸರ್ವ್‌ಗಳಲ್ಲಿ ಪಾಸ್‌ಪೋರ್ಟ್ ಇದ್ದವನು ನಾನೊಬ್ಬನೇ. ಗಲ್ಫಿನಲ್ಲಿ ಕೆಲಸ ಸಿಕ್ಕೀತೆಂದು ಹಿಂದೆ ಯಾವಾಗಲೋ ಮಾಡಿಸಿಟ್ಟದ್ದು. ಹಾಗಾಗಿ ನನ್ನನ್ನು ಆರಿಸಿದ್ದು ನನ್ನ ಹೊಡೆತ ನೋಡಿ ಅಲ್ಲ.

ಸಂಘದ ಕಾರ್ಯದರ್ಶಿ ಸಾಹೇಬರು ಟಿಕೆಟ್ ಕೊಡುವಾಗ ಮುಚ್ಚುಮರೆಯಿಲ್ಲದೆ ಹೇಳಿದರು. "ನಿನಗೆ ಇಪ್ಪತ್ತೆಂಟು ಆಯ್ತು ಸಂಜೀವ. ಈ ವರ್ಷ ನಿನ್ನ ಹೆಸರಿನಲ್ಲಿ ಒಂದು ಗೆಲುವಾದರೂ ಇಲ್ಲದಿದ್ರೆ ನಾನು ಹೊಸ ಹುಡುಗರನ್ನ ತಗೊಳ್ಬೇಕಾಗ್ತದೆ." ಸಿಟ್ಟು ಬಂತು. ಪಂದ್ಯವನ್ನೇ ಕೊಡದೆ ಗೆಲುವು ತಾ ಎಂದರೆ ಎಲ್ಲಿಂದ ತರುವುದು? ಆದರೆ ಕೇಳಲಿಲ್ಲ, ಟಿಕೆಟನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದೆ.

ಬುಧವಾರ ಬೆಳಿಗ್ಗೆ ವಿಮಾನ. ನಾಲ್ಕು ಗಂಟೆಯೊಳಗೆ ಬಹ್ರೈನ್. ಊಟ ಕೊಟ್ಟರು, ನಾನು ಸೌತೆಕಾಯಿ ಮಾತ್ರ ತಿಂದು ಉಳಿದದ್ದನ್ನು ಪಕ್ಕದವರಿಗೆ ದಾಟಿಸಿದೆ. ನನ್ನ ತೂಕ ಅರವತ್ತಕ್ಕೆ ಸರಿಯಾಗಿ ನಿಂತಿತ್ತು, ಒಂದು ಲೋಟ ನೀರಿಗೂ ಹೆದರುವ ಸ್ಥಿತಿ. ಮುಹರಕ್ಕಿನ ವಿಮಾನ ನಿಲ್ದಾಣದ ಕೌಂಟರಿನಲ್ಲಿ ವೀಸಾ ಕಾಯುತ್ತಿತ್ತು. ಹೊರಗೆ ಕಾಲಿಟ್ಟರೆ ಹೋಟೆಲಿನ ಬಾಯ್ಲರ್ ಕೋಣೆಯ ಬಾಗಿಲು ತೆರೆದಂತೆ ಸೆಕೆ.

ಕರೆದುಕೊಂಡು ಹೋಗಲು ಬಂದವರು ಭುಜಂಗ ಶೆಟ್ರು. ಹಿದ್ ಎಂಬ ಊರಿನಲ್ಲಿ ಹಡಗಿನ ಸಾಮಾನು ಸಾಗಿಸುವ ವ್ಯವಹಾರ ಅವರದು, ಪಂದ್ಯದ ಖರ್ಚಿನಲ್ಲಿ ಅರ್ಧ ಅವರೇ ಹಾಕಿದ್ದರು. ಇಲ್ಲಿ ಬರುವ ನಮ್ಮವರ ಮಾತೆಲ್ಲ ತುಳುವಿನಲ್ಲಿ ನಡೆದದ್ದು, ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಾರು ಸಮುದ್ರದ ಮೇಲಿನ ಸೇತುವೆ ದಾಟುವಾಗ ಶೆಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಮಿಲಿಂದ ಬರ್ತಾನೆ ಅಂತ ಪೋಸ್ಟರ್ ಹಚ್ಚಿದ್ದು ಮಾರಾಯ. ಇನ್ನೆಂತ ಮಾಡುದು."

"ನಾನು ಬಂದಿದ್ದೇನಲ್ಲ."

"ಬಂದದ್ದು ಬಂದೆ. ಎರಡು ರೌಂಡ್ ನಿಂತ್ಕೊ, ಸಾಕು. ಆ ಕೆವಿನ್ ಅಂದ್ರೆ ಇಲ್ಲಿಯ ಚಾಂಪಿಯನ್. ಹಲ್ಲು ಗಿಲ್ಲು ಹೋದ್ರೆ ನಿನ್ನ ಮನೆಯವರಿಗೆ ನಾನು ಉತ್ತರ ಕೊಡ್ಬೇಕು."

ಕೆವಿನ್ ಇಂಗ್ಲೆಂಡಿನವನು. ಕಂಪನಿಯ ಎಂಜಿನಿಯರ್, ಕ್ಲಬ್ಬಿನ ಹೆಮ್ಮೆ. ಶೆಟ್ರು ಒಳ್ಳೆಯ ಮನುಷ್ಯ, ಕೆಡುಕು ಬಯಸಿದವರಲ್ಲ. ಆದರೆ ನಾನು ಸೋಲುವುದು ಅವರ ಲೆಕ್ಕದಲ್ಲಿ ಆಗಲೇ ಮುಗಿದು ಹೋಗಿತ್ತು, ಅದು ನನಗೆ ಬೈದದ್ದಕ್ಕಿಂತ ಹೆಚ್ಚು ಉರಿಯಿತು.

ಉಳಿಯುವ ವ್ಯವಸ್ಥೆ ಅದ್ಲಿಯಾದಲ್ಲಿ ಅವರ ಮನೆಯಲ್ಲೇ. ಎಡವಟ್ಟು ಆದದ್ದು ಅಲ್ಲಿ. ಶೆಟ್ರ ಹೆಂಡತಿ ಸುಮತಿ ಅಕ್ಕ ಬಾಗಿಲಲ್ಲೇ ನನ್ನ ತೋಳು ಹಿಡಿದು ನೋಡಿದರು. "ಇದೆಂತದು, ಎಲುಬು ಮಾತ್ರ ಉಂಟು. ತಿನ್ನದೆ ಬಂದ್ರೆ ಹೊಡೆಯುದು ಹೇಗೆ?" ಕೋರಿ ರೊಟ್ಟಿ ಬಡಿಸಿದರು. ತೂಕ ನೋಡಬೇಕು ಅಕ್ಕ ಎಂದೆ. "ಅದು ನಾಳೆ ಅಲ್ವಾ," ಎಂದು ರೊಟ್ಟಿಯ ಮೇಲೆ ಕೋಳಿ ಸಾರು ಸುರಿದರು. ಊರಿನಿಂದ ಬಾಕ್ಸರ್ ಬಂದಿದ್ದಾನೆಂಬ ಸುದ್ದಿ ಅಷ್ಟರಲ್ಲಿ ಹಬ್ಬಿತ್ತು. ಸಂಜೆ ಪಕ್ಕದ ಫ್ಲ್ಯಾಟಿನವರ ಮನೆಯಲ್ಲಿ ನೀರುದೋಸೆ, ಅಂಜಲ್ ಮೀನಿನ ಫ್ರೈ. ರಾತ್ರಿ ಶೆಟ್ರ ಪಾಲುದಾರರ ಮನೆಯಲ್ಲಿ ಬಿರಿಯಾನಿ, ಮೇಲೆ ಗಸಗಸೆ ಪಾಯಸ. ನಮ್ಮವರ ಮನೆಯಲ್ಲಿ ಬೇಡ ಎಂದ ಮಾತಿಗೆ ಮೂರನೆಯ ಸಲದವರೆಗೆ ಬೆಲೆಯಿಲ್ಲ. ಮೂರನೆಯ ಸಲ ಹೇಳುವ ಹೊತ್ತಿಗೆ ತಟ್ಟೆ ತುಂಬಿರುತ್ತದೆ. ತುಂಬಿದ ತಟ್ಟೆ ಬಿಟ್ಟು ಏಳುವವನನ್ನು ಸೊಕ್ಕಿನವನು ಎನ್ನುತ್ತಾರೆ. ಹಿಂದಿನ ವಾರವೆಲ್ಲ ಹಸಿದಿದ್ದ ನನ್ನ ಹೊಟ್ಟೆಯೂ ಅವರ ಪಕ್ಷವನ್ನೇ ಸೇರಿತು.

ಗುರುವಾರ ಬೆಳಿಗ್ಗೆ ಕ್ಲಬ್ಬಿನಲ್ಲಿ ತೂಕ. ಕೆವಿನ್ ನಗುತ್ತಾ ಕೈ ಕುಲುಕಿದ. ಕೆಂಪು ಕೂದಲಿನ ಸಭ್ಯ ಹುಡುಗ, ಅವನ ಮೇಲೆ ನನಗೆ ದ್ವೇಷವೇನೂ ಹುಟ್ಟಲಿಲ್ಲ. ಅವನು ಅರವತ್ತರೊಳಗೆ ಇದ್ದ. ನಾನು ತಕ್ಕಡಿ ಹತ್ತಿದರೆ ಮುಳ್ಳು ಅರವತ್ತೊಂದೂವರೆಯಲ್ಲಿ ನಿಂತಿತು. ಇಳಿದು ಮತ್ತೆ ಹತ್ತಿದೆ. ಆಗಲೂ ಅಷ್ಟೇ.

ಕೆವಿನ್‌ನ ಕೋಚ್ ಒಬ್ಬ ಹಿರಿಯ ಇಂಗ್ಲೆಂಡಿನವ, ಕ್ಲಬ್ಬಿನ ಪರವಾಗಿ ತೂಕ ಬರೆದುಕೊಳ್ಳುತ್ತಿದ್ದವನೂ ಅವನೇ. ಆತ ಶೆಟ್ರನ್ನು ಪಕ್ಕಕ್ಕೆ ಕರೆದು ಮಾತಾಡಿದ. ಶೆಟ್ರು ಸಮಾಧಾನದ ಮುಖ ಮಾಡಿಕೊಂಡು ಬಂದರು. "ಒಳ್ಳೇದೇ ಆಯ್ತು ನೋಡು. ಸ್ನೇಹದ ಪಂದ್ಯ ಮಾಡುವ ಅಂತಾರೆ. ತೀರ್ಪು ಇಲ್ಲ, ಸೋಲು ಗೆಲುವು ಇಲ್ಲ. ಜನ ಚಪ್ಪಾಳೆ ಹೊಡಿತಾರೆ, ಇಬ್ಬರಿಗೂ ಹೂಗುಚ್ಛ. ನಿನ್ನ ಮರ್ಯಾದೆಯೂ ಉಳಿತದೆ."

"ಬೇಡ."

"ಎಂತ ಬೇಡ?"

"ತೀರ್ಪಿಲ್ಲದಿದ್ರೆ ನಾನು ರಿಂಗಿಗೆ ಹತ್ತುದಿಲ್ಲ ಶೆಟ್ರೆ. ಚಪ್ಪಾಳೆ ಹಿಡ್ಕೊಂಡು ಮುಂಬಯಿಗೆ ಹೋದ್ರೆ ನನ್ನನ್ನು ಪಟ್ಟಿಯಿಂದ ತೆಗಿತಾರೆ. ಸೋತ್ರೆ ಸೋತೆ ಅಂತ ಬರೀಲಿ. ಆದ್ರೆ ಬರೀಬೇಕು."

ನನ್ನ ದನಿ ಏರಿತ್ತು. ಶೆಟ್ರ ಮುಖ ಕೆಂಪಾಯಿತು, ಅವರ ಮನೆಯ ಅನ್ನ ತಿಂದು ಅವರ ಮಾತು ಮೀರಿದ್ದೆ. ನಾನೇ ಕೋಚ್‌ನ ಹತ್ತಿರ ಹೋಗಿ ನನ್ನ ಹೋಟೆಲ್ ಇಂಗ್ಲಿಷಿನಲ್ಲಿ ಕೇಳಿದೆ, ತಕ್ಕಡಿಯನ್ನು ಎಷ್ಟು ಹೊತ್ತಿನವರೆಗೆ ಇಟ್ಟಿರುತ್ತೀರಿ? ಮಸೀದಿಯಲ್ಲಿ ಮಧ್ಯಾಹ್ನದ ಬಾಂಗ್ ಆಗುವವರೆಗೆ ಎಂದ ಆತ. ಅವನಿಗೆ ಅದು ಆಗದ ಕೆಲಸವೆಂದು ಖಾತ್ರಿಯಿತ್ತು.

ನನ್ನ ಮೂಲೆಯಲ್ಲಿ ನೀರು ಕೊಡಲು ಶೆಟ್ರು ಗಣೇಶ ಪೂಜಾರಿ ಎಂಬವನನ್ನು ಗೊತ್ತು ಮಾಡಿದ್ದರು. ಸಿತ್ರಾದ ಕಾರ್ಖಾನೆಯೊಂದರಲ್ಲಿ ಫಿಟ್ಟರ್, ಊರಿನಲ್ಲಿ ಕಬಡ್ಡಿ ಆಡಿದವನು. ಈಗ ಅವನು ನನ್ನ ಚೀಲ ಎತ್ತಿಕೊಂಡ. "ಬನ್ನಿ ಸಂಜೀವಣ್ಣ. ಸಿತ್ರಾಕ್ಕೆ ಹೋಗುವ. ಅಲ್ಲಿ ಬೆವರಿಗೆ ಬರಗಾಲ ಇಲ್ಲ."

ಅವನ ಪಿಕಪ್ ಹತ್ತಿದೆವು. ಗಾಜು ಏರಿಸಿದ. ಎಸಿ ಹಾಕುತ್ತಾನೆ ಎಂದುಕೊಂಡರೆ ಹೀಟರ್ ತಿರುಗಿಸಿದ. ಬಹ್ರೈನಿನ ಮೇ ತಿಂಗಳಲ್ಲಿ ಹೀಟರ್ ಹಾಕಿದವರು ನಾವಿಬ್ಬರೇ ಇರಬೇಕು. ಮೊದಲು ಧೂಳು ಬಂತು, ಆಮೇಲೆ ಸುಟ್ಟ ವಾಸನೆ, ಕೊನೆಗೆ ಬಿಸಿಗಾಳಿ. ಪಾಪ, ತೂಕ ಇಳಿಸಬೇಕಾದವನು ನಾನೊಬ್ಬ, ಬೆಂದವರು ಇಬ್ಬರೂ. ಸೇತುವೆ ದಾಟುವಾಗ ಪಕ್ಕದ ಕಾರಿನ ಬಹ್ರೈನಿ ಹಿರಿಯರೊಬ್ಬರು ನಮ್ಮ ಮುಖ ನೋಡಿ, ಗಾಡಿ ಕೆಟ್ಟಿದೆಯಾ ಎಂದು ಕೈಸನ್ನೆಯಲ್ಲಿ ಕೇಳಿದರು. ಗಣೇಶ ಇಲ್ಲ ಎಂದು ಸಲಾಂ ಹೊಡೆದ.

ಸಿತ್ರಾದ ಕಾರ್ಮಿಕರ ಕ್ಯಾಂಪಿನಲ್ಲಿ ರಾತ್ರಿ ಪಾಳಿ ಮುಗಿಸಿದವರು ಆಗಷ್ಟೇ ಕಂಪನಿ ಬಸ್ಸಿನಿಂದ ಇಳಿದು, ಚಹಾ, ಖುಬ್ಬೂಸ್ ರೊಟ್ಟಿ ಹಿಡಿದು ಕೂತಿದ್ದರು. ಗಣೇಶ ವಿಷಯ ಹೇಳಿದ. ಒಬ್ಬ ಕತ್ತಿನಿಂದ ಕಾಲಿನವರೆಗೆ ಮುಚ್ಚುವ ತನ್ನ ಕೆಲಸದ ಕವರಾಲ್ ತಂದುಕೊಟ್ಟ, ಇನ್ನೊಬ್ಬ ಅದರ ಮೇಲೆ ಹಾಕಿಕೊಳ್ಳಲು ಇನ್ನೊಂದು ಕೊಟ್ಟ. ತಲೆಗೆ ಮಫ್ಲರ್. ಕ್ಯಾಂಪಿನ ಗೋಡೆಯ ಉದ್ದಕ್ಕೂ ಓಡತೊಡಗಿದೆ. ಒಂದು ಸುತ್ತು ಮುಗಿಯುವಾಗ ಹಿಂದೆ ಹೆಜ್ಜೆ ಕೇಳಿಸಿತು, ನೋಡಿದರೆ ನಾಲ್ಕೈದು ಜನ ಲುಂಗಿ ಎತ್ತಿ ಕಟ್ಟಿ ಓಡುತ್ತಿದ್ದಾರೆ. ರಾತ್ರಿಯಿಡೀ ದುಡಿದು ನಿದ್ದೆ ಬಿಟ್ಟವರು. ಯಾಕೆ ಎಂದು ಏದುಸಿರಿನಲ್ಲಿ ಕೇಳಿದೆ. "ನೀವು ಒಬ್ಬರೇ ಓಡಿದ್ರೆ ನಿಂತು ಬಿಡ್ತೀರಿ," ಎಂದ ಒಬ್ಬ ವೆಲ್ಡರ್. ನಿಜ ಹೇಳಿದ. ಕಣ್ಣು ಕತ್ತಲೆ ಬಂದು ಎರಡು ಸಲ ಗೋಡೆ ಹಿಡಿದೆ. ಗಣೇಶ ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಿದ್ದ, ನುಂಗಲು ಮಾತ್ರ ಕೊಡುತ್ತಿರಲಿಲ್ಲ. ಇಂಥ ಹುಚ್ಚು ಕೆಲಸವನ್ನು ಯಾರೂ ಮಾಡಬೇಡಿ ಎನ್ನುತ್ತೇನೆ ಈಗ. ಆ ದಿನ ಯಾರಾದರೂ ನಿಲ್ಲಿಸು ಎಂದಿದ್ದರೆ ಅವರಿಗೇ ಹೊಡೆಯುತ್ತಿದ್ದೆ.

ಕ್ಲಬ್ಬಿಗೆ ಮರಳಿದಾಗ ಶೆಟ್ರೂ ಸುಮತಿ ಅಕ್ಕನೂ ತಕ್ಕಡಿಯ ಪಕ್ಕದಲ್ಲೇ ನಿಂತಿದ್ದರು. ಅಕ್ಕನ ಕಣ್ಣು ಕೆಂಪಾಗಿತ್ತು. ಯಾರೋ ತೂಕದ ನಿಯಮ ವಿವರಿಸಿ ಹೇಳಿದ್ದಿರಬೇಕು. ನಾನು ತಕ್ಕಡಿ ಹತ್ತಿದೆ. ಮುಳ್ಳು ಅರವತ್ತಕ್ಕಿಂತ ಕೂದಲೆಳೆಯಷ್ಟು ಆಚೆ. ಕೋಚ್ ಆಗದು ಎಂದು ತಲೆಯಾಡಿಸಿದ. "ಅಕ್ಕ, ನೀವು ಆ ಕಡೆ ತಿರುಗಿ," ಎಂದೆ. ಗಣೇಶ ಟವೆಲು ಅಡ್ಡ ಹಿಡಿದ, ನಾನು ಚಡ್ಡಿಯನ್ನೂ ಕಳಚಿ ಹುಟ್ಟಿದ ಹಾಗೆ ಹತ್ತಿ ನಿಂತೆ. ಅರವತ್ತು. ಕೋಚ್ ಬಗ್ಗಿ ನೋಡಿದ, ಕನ್ನಡಕ ಹಾಕಿಕೊಂಡು ಮತ್ತೆ ನೋಡಿದ, ಆಮೇಲೆ ಬರೆದುಕೊಂಡ. ಬಾಂಗ್ ಇನ್ನೂ ಆಗಿರಲಿಲ್ಲ.

ಸುಮತಿ ಅಕ್ಕ ಬುತ್ತಿ ಬಿಚ್ಚಿದರು. ಗಂಜಿ ತೆಳಿ, ಉಪ್ಪು, ಒಂದು ತುಂಡು ಉಪ್ಪಿನಕಾಯಿ. "ಈಗ ತಿನ್ನಬಹುದಾ?" ಎಂದು ಕೋಚ್‌ನನ್ನೇ ಕೇಳಿದರು. ಅವನು ಹೌದೆಂದ ಮೇಲೆ ನನಗೆ ಚಮಚ ಕೊಟ್ಟರು. "ನನ್ನಿಂದ ಆದದ್ದು ತಮ್ಮ," ಎಂದರು. ನನಗೆ ಅಳು ಬಂತು. ಆ ಗಂಜಿಯಷ್ಟು ರುಚಿಯಾದದ್ದನ್ನು ನಾನು ಆಮೇಲೆ ತಿಂದಿಲ್ಲ.

ಸಂಜೆ ಪಂದ್ಯ. ಮರುದಿನ ಶುಕ್ರವಾರದ ರಜೆ, ಹಾಲ್ ತುಂಬಿತ್ತು. ಮುಂದಿನ ಕುರ್ಚಿಗಳಲ್ಲಿ ಕಂಪನಿಯ ದೊಡ್ಡವರು, ಹಿಂದಿನ ಮೆಟ್ಟಿಲುಗಳಲ್ಲಿ ಸಿತ್ರಾದವರು. ಮೈಕಿನವ ನನ್ನನ್ನು ಪರಿಚಯಿಸುವಾಗ ಮಿಲಿಂದನ ಹೆಸರನ್ನೇ ಮೊದಲು ಹೇಳಿ, ಅವನು ಬರಲಾಗದ್ದಕ್ಕೆ ವಿಷಾದಿಸಿ, ನನ್ನದನ್ನು ಕೊನೆಗೆ ಹೇಳಿದ. ಹೇಳಲಿ ಎಂದುಕೊಂಡು ಹಲ್ಲಿಗೆ ಗಾರ್ಡ್ ಕಚ್ಚಿದೆ.

ಮೊದಲ ರೌಂಡ್ ಕೆವಿನ್‌ನದು. ಕೈ ಉದ್ದ, ಕಾಲು ಚುರುಕು. ನನ್ನ ಮೊಣಕಾಲಿನಲ್ಲಿ ಬೆಳಗಿನ ಓಟ ಇನ್ನೂ ಕೂತಿತ್ತು. ಮೂಲೆಗೆ ಬಂದಾಗ ಗಣೇಶ ನೀರು ಕೊಟ್ಟು, "ನೀವು ಹತ್ರ ಹೋದ್ರೆ ಅವನಿಗೆ ಉಸಿರಾಡ್ಲಿಕ್ಕೆ ಆಗುದಿಲ್ಲ, ದೂರ ಇದ್ರೆ ಮಾತ್ರ ಹೊಡಿತಾನೆ," ಎಂದ. ಎರಡನೆಯ ರೌಂಡಿನಲ್ಲಿ ಎರಡು ಏಟು ತಿಂದು ಒಂದನ್ನು ಕೊಡುವ ವ್ಯಾಪಾರಕ್ಕೆ ಇಳಿದೆ. ಹತ್ತಿರ ಹೋದೆ, ಪಕ್ಕೆಗೆ ಹೊಡೆದೆ, ಮತ್ತೆ ಪಕ್ಕೆಗೆ. ಅವನ ಕೈ ನಿಧಾನವಾಗಿ ಕೆಳಗೆ ಬರತೊಡಗಿತು. ಶೆಟ್ರು ಸಾಕು ಎಂದಿದ್ದ ಎರಡು ರೌಂಡ್ ಮುಗಿದಿತ್ತು. ನಾನು ನಿಂತೇ ಇದ್ದೆ.

ಮೂರನೆಯ, ಅಂದರೆ ಕೊನೆಯ ರೌಂಡಿನ ನಡುವೆ ನನ್ನ ಎಡಗೈ ಅವನ ಗಲ್ಲಕ್ಕೆ ಸರಿಯಾಗಿ ತಾಗಿತು. ಕೆವಿನ್ ಕುಕ್ಕರಿಸಿದ, ರೆಫರಿ ಎಣಿಸಿದ, ಅವನು ಎದ್ದ. ಧೈರ್ಯವಂತ, ಗಂಟೆ ಹೊಡೆಯುವವರೆಗೆ ನಿಂತ. ಮೆಟ್ಟಿಲುಗಳ ಕಡೆಯಿಂದ ತುಳು, ಮಲಯಾಳಂ, ಹಿಂದಿ ಎಲ್ಲ ಒಟ್ಟಿಗೆ ಕೇಳುತ್ತಿತ್ತು. ಮೂವರು ತೀರ್ಪುಗಾರರಲ್ಲಿ ಇಬ್ಬರು ನನಗೆ ಕೊಟ್ಟರು. ರೆಫರಿ ನನ್ನ ಕೈ ಎತ್ತಿದಾಗ ನಾನು ಇನ್ನೊಂದನ್ನೂ ಎತ್ತಿದೆ. ಯಾರನ್ನೋ ಮೆಚ್ಚಿಸಲು ಅಲ್ಲ, ಇಷ್ಟು ವರ್ಷದಲ್ಲಿ ಎತ್ತಿಸಿಕೊಳ್ಳದೆ ಉಳಿದದ್ದಕ್ಕೆ.

ಶೆಟ್ರು ರಿಂಗಿಗೇ ಹತ್ತಿ ಬಂದು ಅಪ್ಪಿಕೊಂಡರು. ಆಮೇಲೆ ಮೈಕ್ ಹಿಡಿದು ಖುಷಿಯಲ್ಲಿ ಹೇಳಿದ್ದೇನೆಂದರೆ, "ನಮ್ಮ ರಿಸರ್ವ್ ಹುಡುಗನೇ ಹೀಗೆ ಹೊಡೆದ್ರೆ ಮಿಲಿಂದ ಬಂದಿದ್ರೆ ಎಂತ ಆಗ್ತಿತ್ತು ಆಲೋಚನೆ ಮಾಡಿ." ಜನ ನಕ್ಕರು. ನಾನು ನಗಲಿಲ್ಲ. ಸುಮತಿ ಅಕ್ಕ ಕೆಳಗಿನಿಂದ ಗಂಡನ ಪಂಚೆ ಹಿಡಿದು ಎಳೆದು, "ಸಾಕು, ಇಳೀರಿ," ಎಂದರು.

ಶುಕ್ರವಾರ ಸಿತ್ರಾದವರು ಕ್ಯಾಂಪಿನಲ್ಲಿ ಊಟಕ್ಕೆ ಕರೆದರು. ತೂಕದ ಹಂಗಿಲ್ಲದೆ ತಿಂದೆ, ಬೇಡ ಎಂದು ಒಮ್ಮೆಯೂ ಹೇಳಲಿಲ್ಲ. ಶನಿವಾರ ಮಧ್ಯಾಹ್ನದ ವಿಮಾನದಲ್ಲಿ ಹೊರಟೆ. ವಿಮಾನ ತಿರುಗುವಾಗ ಕೆಳಗೆ ದ್ವೀಪ ಪೂರ್ತಿ ಕಂಡಿತು, ಮರಳಿನ ಬಣ್ಣದ ಚಿಕ್ಕ ತುಂಡು ಭೂಮಿ. ನನ್ನ ಹೆಸರಿನಲ್ಲಿ ಒಂದು ಗೆಲುವು ಬರೆದ ಜಾಗ ಎಂದು ಬಹಳ ಹೊತ್ತು ನೋಡಿದೆ.

ಮುಂಬಯಿ ನಿಲ್ದಾಣದ ಹೊರಗೆ ಕಾರ್ಯದರ್ಶಿ ಸಾಹೇಬರೇ ನಿಂತಿದ್ದರು. ಯಾವ ಊರಿನಿಂದ ಬಂದಾಗಲೂ ಅವರು ನನಗಾಗಿ ಬಂದವರಲ್ಲ. ಸುದ್ದಿ ಫೋನಿನಲ್ಲಿ ತಲುಪಿತ್ತು. ಬೆನ್ನು ತಟ್ಟಿದರು, ಚಹಾ ಕುಡಿಸಿದರು. ಆಮೇಲೆ ವಿಷಯಕ್ಕೆ ಬಂದರು.

"ಮುಂದಿನ ತಿಂಗಳು ದುಬೈಯಲ್ಲಿ ಪಂದ್ಯ ಇದೆ ಸಂಜೀವ. ಮಿಲಿಂದನ ಪ್ಲಾಸ್ಟರ್ ಅಷ್ಟರಲ್ಲಿ ತೆಗೀತಾರೋ ಇಲ್ಲವೋ. ಅವನ ಬದಲಿಗೆ ನೀನೇ ಹೋಗಿ ಬಾ."

ನಾನು ಲೋಟ ಕೆಳಗಿಟ್ಟೆ.

"ಬದಲಿಗೆ ಹೋಗುವುದಿಲ್ಲ ಸಾಹೇಬ್ರೆ. ನನ್ನ ಹೆಸರು ಬರೆದು ಕಳಿಸಿದ್ರೆ ಹೋಗ್ತೇನೆ. ಪೋಸ್ಟರಿನಲ್ಲೂ ಅದೇ ಇರಲಿ."

"ಮತ್ತೆ ಮಿಲಿಂದ? ಅಷ್ಟರಲ್ಲಿ ಅವನ ಕೈ ಸರಿಯಾದ್ರೆ?"

"ಸರಿಯಾದ್ರೆ ಅವನನ್ನೂ ಕಳಿಸಿ," ಎಂದೆ. "ನನಗೇನಾದ್ರೂ ಆದ್ರೆ ರಿಸರ್ವ್ ಅಂತ ಒಬ್ಬ ಬೇಕಲ್ಲ."